ನಾಯಿಯ ತಿಂಡಿಗೆ ಗುಳಿಗಿ: ಕೊಡುವ ಮುಂಚೆ ಕಾರಣ ಹುಡುಕಿ

ಮಳೆಗಾಲ ಶುರುವಾಯಿತೆಂದರೆ ಬೆಳೆಯ ಜೊತೆಗೆ ನಾಯಿಯ ಬಗ್ಗೆಯೂ ನನಗೆ ಫೋನ್ ಬರುತ್ತವೆ. "ಸರ್, ನಾಯಿ ರಾತ್ರಿಯೆಲ್ಲಾ ಕೆರಕೊಳ್ಳಾಕತ್ತೈತಿ, ಭಾಳ ತಿಂಡಿ ಐತಿ. ಮೆಡಿಕಲ್‌ನ್ಯಾಗ ಯಾವ ಗುಳಿಗಿ ತರೂಣು?" ಮೈ ತುರಿಕೆಗೆ ನಮ್ಮ ಕಡೆ ತಿಂಡಿ ಅಂತಲೇ ಅನ್ನುವುದು.

ಬಾಗಲಕೋಟೆ ಜಿಲ್ಲೆಯಲ್ಲಿ ನಾಯಿ ಒಕ್ಕಲುತನದ ಭಾಗ. ಮುಧೋಳದ ಬೇಟೆ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವ ಸಿಕ್ಕಿದೆ. ಹುನಗುಂದದ ಎರಿ ಹೊಲದಲ್ಲಿ ಹಂದಿ ಕಾಯಲು, ಬಾದಾಮಿ ಗುಡ್ಡದ ಕುರಿ ಹಿಂಡಿಗೆ, ಇಳಕಲ್ಲಿನ ಮನೆ ಬಾಗಿಲಿಗೆ, ಎಲ್ಲಾ ಕಡೆ ನಾಯಿ ಬೇಕು. ನಾನು ತೋಟಗಾರಿಕೆ ಓದಿದವನು, ಪಶುವೈದ್ಯನಲ್ಲ. ಹಾಗಾಗಿ ಇಲ್ಲಿ ಔಷಧಿ ಚೀಟಿ ಬರೆಯುವುದಿಲ್ಲ. ಡಾಕ್ಟರ್ ಕೊಡುವ ಗುಳಿಗೆಗಳು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಅಪಾಯ ತರುತ್ತವೆ, ಡಾಕ್ಟರ್ ಹತ್ತಿರ ಏನು ಕೇಳಬೇಕು, ಇಷ್ಟನ್ನು ಹೇಳುತ್ತೇನೆ.

ತಿಂಡಿ ರೋಗವಲ್ಲ, ಲಕ್ಷಣ

ದಾಳಿಂಬೆ ಬೆಳೆಗಾರರಿಗೆ ಈ ಮಾತು ಬೇಗ ತಿಳಿಯುತ್ತದೆ. ಕಾಯಿಯ ಮೇಲೆ ಕಪ್ಪು ಚುಕ್ಕೆ ಬಂದರೆ ಅದು ಶಿಲೀಂಧ್ರ ಇರಬಹುದು, ದುಂಡಾಣು ಅಂಗಮಾರಿಯೂ ಇರಬಹುದು. ಅಂಗಮಾರಿಗೆ ಶಿಲೀಂಧ್ರದ ಔಷಧಿ ಹೊಡೆದರೆ ದುಡ್ಡು ಹೋಗುತ್ತದೆ, ರೋಗ ಹಬ್ಬುತ್ತದೆ. ನಾಯಿಯ ತಿಂಡಿಯೂ ಹಾಗೆಯೇ.

ಮೊದಲ ಅನುಮಾನ ಚಿಗಟದ ಮೇಲೆ ಇರಲಿ. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಒಂದೆರಡು ಕಚ್ಚಿದರೂ ಸಾಕು, ದಿನಗಟ್ಟಲೆ ಕೆರೆದುಕೊಳ್ಳುತ್ತದೆ. ಬೆನ್ನಿನ ಕೆಳಭಾಗ, ಬಾಲದ ಬುಡ, ಹಿಂದೊಡೆಯಲ್ಲಿ ಕೂದಲು ಉದುರುತ್ತದೆ. ಚಿಗಟ ಕಣ್ಣಿಗೆ ಬೀಳದಿದ್ದರೆ ಬಾಚಣಿಕೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ಕಿವಿಯ ಅಂಚು, ಮೊಣಕೈ, ಹೊಟ್ಟೆಯಲ್ಲಿ ಹೊಪ್ಪಳಿಕೆ ಎದ್ದು, ಮನೆಯವರಿಗೂ ತಿಂಡಿ ಶುರುವಾದರೆ ಅದು ನುಸಿಯಿಂದ ಬರುವ ಕಜ್ಜಿ ಇರಬಹುದು. ಪಂಜ ನೆಕ್ಕುವುದು, ಮುಖ ಉಜ್ಜುವುದು, ಕಂಕುಳು ಕೆಂಪಾಗುವುದು, ಕಿವಿ ಮತ್ತೆ ಮತ್ತೆ ಸೋರುವುದು, ಇವೆಲ್ಲ ಹೂಪುಡಿ, ಮನೆಯ ಧೂಳಿನ ನುಸಿ ಮುಂತಾದವುಗಳ ಅಲರ್ಜಿಯ ಗುರುತು. ಈ ಅಲರ್ಜಿ ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದ ಒಳಗೆ ಕಾಣಿಸಿಕೊಳ್ಳುತ್ತದೆ. ಕೆಲವು ನಾಯಿಗೆ ಆಹಾರವೇ ಕಾರಣವಾಗಿರುತ್ತದೆ.

ಕಜ್ಜಿಯ ನುಸಿ ಇದೆಯೋ ಇಲ್ಲವೋ ನೋಡಲು ಡಾಕ್ಟರ್ ಚರ್ಮವನ್ನು ಸ್ವಲ್ಪ ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಒಮ್ಮೊಮ್ಮೆ ನುಸಿ ಇದ್ದರೂ ಅದರಲ್ಲಿ ಸಿಗುವುದಿಲ್ಲ. ಆಗ ಅನುಮಾನದ ಮೇಲೆಯೇ ನುಸಿಗೆ ಚಿಕಿತ್ಸೆ ಕೊಟ್ಟು ನೋಡುತ್ತಾರೆ.

ಯಾವ ಔಷಧಿ ಏನು ಮಾಡುತ್ತದೆ

ಪ್ರೆಡ್ನಿಸೊಲೋನ್: ಇದು ಸ್ಟಿರಾಯ್ಡ್. ಅಗ್ಗ, ಎಲ್ಲಾ ಕಡೆ ಸಿಗುತ್ತದೆ, ತಿಂಡಿ ಬೇಗ ಇಳಿಯುತ್ತದೆ. ಅದಕ್ಕೇ ಜನ ಇದನ್ನು ಹೆಚ್ಚು ದುರುಪಯೋಗ ಮಾಡುವುದು. ಇದು ಊತದ ಜೊತೆಗೆ ದೇಹದ ರೋಗನಿರೋಧಕ ಶಕ್ತಿಯನ್ನೂ ತಗ್ಗಿಸುತ್ತದೆ. ತಿಂಡಿಗೆ ಕಾರಣ ನುಸಿಯಾಗಿದ್ದರೆ, ಎರಡು ದಿನ ನಾಯಿ ಆರಾಮ ಕಂಡು ಒಳಗೆ ನುಸಿ ಹೆಚ್ಚಾಗುತ್ತದೆ. ಗುಳಿಗಿ ಶುರುವಾದ ಮೇಲೆ ನಾಯಿ ಜಾಸ್ತಿ ನೀರು ಕುಡಿಯುವುದು, ಜಾಸ್ತಿ ಉಚ್ಚೆ ಹೊಯ್ಯುವುದು, ಹಸಿವು ಹೆಚ್ಚುವುದು ಸಾಮಾನ್ಯ. ತಿಂಗಳುಗಟ್ಟಲೆ ಕೊಟ್ಟರೆ ಚರ್ಮ ತೆಳುವಾಗುತ್ತದೆ, ಸ್ನಾಯು ಕರಗುತ್ತದೆ, ಸೋಂಕು ಬೇಗ ತಗಲುತ್ತದೆ. ಬಹಳ ದಿನ ಕೊಟ್ಟು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ದೇಹ ತಾನೇ ತಯಾರಿಸುವ ಸ್ಟಿರಾಯ್ಡ್ ಆಗ ನಿಂತುಹೋಗಿರುತ್ತದೆ, ಮತ್ತೆ ಶುರುವಾಗಲು ಟೈಮ್ ಬೇಕು. ಅದಕ್ಕೆ ಡಾಕ್ಟರ್ ಹಂತ ಹಂತವಾಗಿ ಡೋಸ್ ಇಳಿಸುತ್ತಾರೆ.

ಒಕ್ಲಾಸಿಟಿನಿಬ್: ಅಪೊಕ್ವೆಲ್ ಹೆಸರಿನಲ್ಲಿ ಬರುವ ಈ ಗುಳಿಗೆಗೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತು. ತುರಿಕೆಯ ಸುದ್ದಿಯನ್ನು ನರಕ್ಕೆ ಒಯ್ಯುವ ಐಎಲ್-31 ಎಂಬ ರಾಸಾಯನಿಕ ಸಂಕೇತವನ್ನು ಇದು ಜೀವಕೋಶದೊಳಗೆ ತಡೆಯುತ್ತದೆ. ಸ್ಟಿರಾಯ್ಡ್‌ನಷ್ಟು ನೀರಡಿಕೆ, ಹಸಿವು ತರುವುದಿಲ್ಲ. ಆದರೆ 12 ತಿಂಗಳಿಗಿಂತ ಚಿಕ್ಕ ನಾಯಿಗೆ ಕೊಡಬಾರದು, ದೊಡ್ಡ ಸೋಂಕು ಇದ್ದಾಗಲೂ ಕೊಡಬಾರದು. ಕ್ಯಾನ್ಸರ್ ಗಡ್ಡೆ ಇರುವ ನಾಯಿಗೆ ಡಾಕ್ಟರ್ ವಿಚಾರ ಮಾಡಿಯೇ ಬರೆಯುತ್ತಾರೆ. ಬೆಲೆ ಜಾಸ್ತಿ.

ಲೋಕಿವೆಟ್ಮಾಬ್: ಇದು ಇಂಜೆಕ್ಷನ್. ಅದೇ ಐಎಲ್-31 ಅನ್ನು ರಕ್ತದಲ್ಲೇ ಹಿಡಿದು ನಿಲ್ಲಿಸುತ್ತದೆ. ಒಮ್ಮೆ ಕೊಟ್ಟರೆ ಸುಮಾರು 4 ವಾರದಿಂದ 8 ವಾರ ಪರಿಣಾಮ ಇರಬಹುದು. ಫ್ರಿಜ್‌ನಲ್ಲಿ ಇಡಬೇಕಾದ್ದು, ಹಾಗಾಗಿ ಸಿಗುತ್ತದೆಯೇ ಅಂತ ಮೊದಲೇ ಕೇಳಿಕೊಳ್ಳಿ.

ಸೆಟಿರಿಜಿನ್: ನಮ್ಮ ನೆಗಡಿಗೆ ತರುವ ಈ ಗುಳಿಗಿ ನಾಯಿಯ ತಿಂಡಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಶೀತದ ಔಷಧಿ ಬೆರೆತ ಗುಳಿಗಿಯಾದರೆ ನಾಯಿಗೆ ವಿಷವೇ ಆಗಬಹುದು.

ತೂಕ ಮಾಡದೆ ಡೋಸ್ ಇಲ್ಲ

ಮುಧೋಳ ನಾಯಿ ಎತ್ತರ ಇರುತ್ತದೆ, ಮೈಯಲ್ಲಿ ಕೊಬ್ಬು ಇರುವುದಿಲ್ಲ. ಕಣ್ಣಂದಾಜಿನಲ್ಲಿ 30 ಕಿಲೋ ಅಂದದ್ದು ಕಾಟಾದ ಮೇಲೆ 22 ತೂಗಬಹುದು. ಒಕ್ಲಾಸಿಟಿನಿಬ್ ಡೋಸ್ ಒಂದು ಕಿಲೋ ತೂಕಕ್ಕೆ 0.4ರಿಂದ 0.6 ಮಿಲಿಗ್ರಾಂ. 22 ಕಿಲೋ ನಾಯಿಗೆ ಒಂದು ಹೊತ್ತಿಗೆ 8.8ರಿಂದ 13.2 ಮಿಲಿಗ್ರಾಂ ಆಯಿತು. ಅದೇ 30 ಕಿಲೋ ಅಂದುಕೊಂಡರೆ 18 ಮಿಲಿಗ್ರಾಂವರೆಗೂ ಹೋಗುತ್ತದೆ. ಶುರುವಿನಲ್ಲಿ ದಿನಕ್ಕೆ ಎರಡು ಸಲ ಕೊಡುವುದು ಹೆಚ್ಚೆಂದರೆ 14 ದಿನ, ಆಮೇಲೆ ದಿನಕ್ಕೆ ಒಂದೇ ಸಲ. ಚೀಲ ತೂಗುವ ಕಾಟಾ ಇದ್ದರೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೆಯಿರಿ. ಆ ಅಂಕಿ ಬರೆದುಕೊಂಡು ಡಾಕ್ಟರ್ ಹತ್ತಿರ ಹೋಗಿ.

ಇವನ್ನು ಮಾಡಬೇಡಿ

ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಸುರಿಯಬೇಡಿ. ಚರ್ಮದಿಂದಲೂ ಒಳಗೆ ಹೋಗುತ್ತದೆ, ನೆಕ್ಕಿದರೆ ಹೊಟ್ಟೆಗೂ ಸೇರುತ್ತದೆ. ಜೊಲ್ಲು ಸುರಿದು, ನಡುಗಿ ಪ್ರಾಣ ಹೋಗಬಹುದು. ಸುಟ್ಟ ಆಯಿಲ್ ಹಚ್ಚುವುದೂ ಅಷ್ಟೇ ಕೆಟ್ಟದ್ದು. ನಾನು ಸಾವಯವ ಕೃಷಿಕ, ಆದರೂ ಹೇಳುತ್ತೇನೆ: ಸಸ್ಯಜನ್ಯ ಅಂದ ಕೂಡಲೇ ಸುರಕ್ಷಿತ ಅಂತಲ್ಲ. ಗಟ್ಟಿ ಬೇವಿನ ಎಣ್ಣೆಯನ್ನು ಗಾಯದ ಮೇಲೆ ಸುರಿದರೆ ಉರಿಯುತ್ತದೆ, ನಾಯಿ ನೆಕ್ಕಿದರೆ ವಾಂತಿಯಾಗುತ್ತದೆ.

ಕುರಿಗೆ ತಂದ ಐವರ್ಮೆಕ್ಟಿನ್ ಬಾಟಲಿಯಿಂದ ನಾಯಿಗೆ ಚುಚ್ಚಬೇಡಿ. 1 ಶೇಕಡಾ ದ್ರಾವಣದ ಒಂದು ಮಿಲಿಲೀಟರ್‌ನಲ್ಲಿ 10 ಮಿಲಿಗ್ರಾಂ ಔಷಧಿ ಇರುತ್ತದೆ. ಸಿರಿಂಜಿನಲ್ಲಿ ಸ್ವಲ್ಪ ಹೆಚ್ಚಾದರೂ ಡೋಸ್ ಎರಡು ಮೂರು ಪಟ್ಟಾಗುತ್ತದೆ. ಕೋಲಿ ಜಾತಿಯ ಮತ್ತು ಅದರ ಮಿಶ್ರ ತಳಿಯ ನಾಯಿಗಳು ಇದನ್ನು ತಡೆದುಕೊಳ್ಳುವುದಿಲ್ಲ.

ಸ್ಟಿರಾಯ್ಡ್ ಜೊತೆಗೆ ನೋವಿನ ಗುಳಿಗಿ ಸೇರಿಸಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಮನುಷ್ಯರ ಐಬುಪ್ರೊಫೇನ್ ಅಂತೂ ಒಂದೇ ಗುಳಿಗಿಯಾದರೂ ನಾಯಿಗೆ ಬೇಡ. ಹೋದ ವರ್ಷದ ಚೀಟಿ, ಪಕ್ಕದ ಮನೆಯ ನಾಯಿಯ ಚೀಟಿ ತೋರಿಸಿ ಔಷಧಿ ತರಬೇಡಿ. ಗುಳಿಗಿ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ.

ಗುಳಿಗಿ ಜೊತೆಗೆ ಮಾಡಬೇಕಾದ್ದು

ಚಿಗಟದ ಮೊಟ್ಟೆ, ಮರಿ, ಕೋಶ ನಾಯಿಯ ಮೈಮೇಲಿಗಿಂತ ಅದು ಮಲಗುವ ಜಾಗದಲ್ಲೇ ಹೆಚ್ಚು. ತಟ್ಟು, ಗೋಣಿಚೀಲ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಮನೆಯ ಎಲ್ಲಾ ನಾಯಿ, ಬೆಕ್ಕುಗಳಿಗೂ ಒಂದೇ ಸಲಕ್ಕೆ ಚಿಗಟದ ಚಿಕಿತ್ಸೆ ಆಗಬೇಕು, ಆದರೆ ನಾಯಿಯ ಔಷಧಿ ಬೆಕ್ಕಿಗೆ ಹಾಕಬಾರದು. ಕೋಶದೊಳಗಿನ ಚಿಗಟ ವಾರಗಟ್ಟಲೆ ಬದುಕಿರುತ್ತದೆ, ಅದಕ್ಕೆ ಚಿಕಿತ್ಸೆ ಒಂದೇ ತಿಂಗಳಿಗೆ ನಿಲ್ಲಬಾರದು. ಕೆರೆದು ಗಾಯವಾಗಿ ವಾಸನೆ ಬಂದರೆ ಒಳಗೆ ದುಂಡಾಣು ಅಥವಾ ಯೀಸ್ಟ್ ಸೇರಿರುತ್ತದೆ. ಆಗ ಡಾಕ್ಟರ್ ಹೇಳಿದ ಔಷಧಿ ಶಾಂಪೂ ಹಚ್ಚಿ 10 ನಿಮಿಷ ಬಿಟ್ಟು ತೊಳೆಯಬೇಕು.

ಪಶು ಆಸ್ಪತ್ರೆಯಲ್ಲಿ ನಾಲ್ಕು ಪ್ರಶ್ನೆ ತಪ್ಪದೆ ಕೇಳಿ. ಕಾರಣ ಏನು ಅಂತ ಅನುಮಾನ? ನುಸಿ ಪರೀಕ್ಷೆ ಆಯಿತೇ? ಗುಳಿಗಿ ಎಷ್ಟು ದಿನ, ಹೇಗೆ ನಿಲ್ಲಿಸಬೇಕು? ಏನು ಕಂಡರೆ ತಕ್ಷಣ ಬರಬೇಕು? ಮುಧೋಳ ತಳಿ ಸಾಕುವವರಿಗೆ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ.

ಹೂಪುಡಿ, ಧೂಳಿನ ಅಲರ್ಜಿ ಪೂರ್ತಿ ವಾಸಿಯಾಗುವುದು ಕಡಿಮೆ, ಹತೋಟಿಯಲ್ಲಿ ಇಡಬಹುದು. ಹೊಲದ ಡೈರಿಯಲ್ಲಿ ನಾಯಿಗೂ ಒಂದು ಹಾಳೆ ಇರಲಿ: ಯಾವ ತಿಂಗಳು ತಿಂಡಿ ಶುರು, ಮೈಯ ಯಾವ ಭಾಗ, ತೂಕ ಎಷ್ಟು, ಯಾವ ಗುಳಿಗಿ ಎಷ್ಟು ದಿನ, ಏನಾಯಿತು. ಎರಡು ಹಂಗಾಮು ಬರೆದರೆ ನಿಮ್ಮ ನಾಯಿಯ ತಿಂಡಿ ಮಳೆಗಾಲದ್ದೋ, ವರ್ಷವಿಡೀ ಇರುವುದೋ ಗೊತ್ತಾಗುತ್ತದೆ. ಡಾಕ್ಟರಿಗೆ ಆ ಹಾಳೆ ತೋರಿಸಿದರೆ ಕಾರಣ ಹುಡುಕುವುದು ಸಲೀಸು.