ಮಣ್ಣು ಓದಲು ಹೋದ ಮಗಳು

ನಿಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮಗಳಿದ್ದರೆ 'ಇನ್ನೂ ಎಷ್ಟು ಓದಿಸ್ತೀರಿ?' ಎಂಬ ಮಾತು ನಿಮ್ಮ ಕಿವಿಗೂ ಬಿದ್ದೇ ಇರುತ್ತದೆ. ಒಂದೂವರೆ ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಮಗಳು ಬಿ.ಎಸ್ಸಿ. ಕೃಷಿ ಮುಗಿಸಿ ಬಂದಿದ್ದಳು. ಒಳ್ಳೆಯ ಕಡೆಯಿಂದ ಒಂದು ಸಂಬಂಧವೂ ಬಂದಿತ್ತು. ಅಷ್ಟರಲ್ಲಿ ಅವಳು, "ಅವ್ವಾ, ಇನ್ನೆರಡು ವರ್ಷ ರಾಯಚೂರಿನಾಗ ಎಂ.ಎಸ್ಸಿ. ಮಾಡ್ತೀನಿ, ಮಣ್ಣುಶಾಸ್ತ್ರ" ಅಂದಳು. ರೊಟ್ಟಿ ಬಡಿಯುತ್ತಿದ್ದ ನಮ್ಮ ಅತ್ತೆಯವರು ಕೈ ನಿಲ್ಲಿಸಿ, "ಮಣ್ಣು ಓದಾಕ ಸಾಲಿಗೆ ಹೋಗಬೇಕೇನಬೇ? ನಾವು ಹುಟ್ಟಿದಾಗಿಂದ ಮಣ್ಣಾಗ ಅದೀವಿ!" ಎಂದರು.

ನನಗೂ ನಗು ಬಂತು. ಆದರೆ ನಮ್ಮ ಹೊಲ ನೆನಪಾಗಿ ನಗು ಅಲ್ಲೇ ನಿಂತಿತು.

ನಮ್ಮೂರು ಸಿಂಧನೂರು ತಾಲ್ಲೂಕಿನ ಮುಕ್ಕುಂದ. ನಮ್ಮ ಹೊಲವಿರುವುದು ಊರಿಂದ ಸ್ವಲ್ಪ ದೂರ, ಕಾಲುವೆ ನೀರು ಹರಿಯುವ ಕಡೆ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಈ ಸೀಮೆಯ ಬಾಳೇ ಬದಲಾಯಿತು. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆಂದು ಲೆಕ್ಕ ಹಾಕಿ ಮಾಡಿದ ಕಾಲುವೆ ಇದು. ಬೆಳೆದದ್ದು ಮಾತ್ರ ಭತ್ತ, ಅದೂ ವರ್ಷಕ್ಕೆರಡು ಸಲ. ಯಾರನ್ನು ಅನ್ನೋಣ? ನಮ್ಮ ಮನೆಯ ತೊಲೆ, ನನ್ನ ಕೊರಳಿನ ಸರ ಎಲ್ಲವೂ ಆ ಭತ್ತದ ದುಡ್ಡೇ. ಆದರೆ ಕಾಲುವೆಯ ತುದಿಯ ಮಾನ್ವಿ, ರಾಯಚೂರು ಕಡೆಯವರು ಪ್ರತಿವರ್ಷ ನೀರಿಗಾಗಿ ಕಾಯುತ್ತಾರೆ. ಮೇಲಿನ ನಮಗೆ ನೀರು ಹೆಚ್ಚಾಗಿ ಹೊಲ ಸವಳು ಹಿಡಿಯುತ್ತದೆ.

ಸವಳು ಹೇಗೆ ಏಳುತ್ತದೆಂದು ಮಗಳು ನನಗೆ ದೇವರ ಮುಂದಿನ ದೀಪ ತೋರಿಸಿ ಹೇಳಿದಳು. ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವುದಿಲ್ಲವೇ? ಹಾಗೆಯೇ ಕರಿಮಣ್ಣು. ನೀರು ಬಸಿದು ಹೋಗಲು ದಾರಿ ಇಲ್ಲದಿದ್ದರೆ ಅಡಿಯ ನೀರಿನ ಮಟ್ಟ ಏರುತ್ತದೆ, ಮಣ್ಣು ಅದನ್ನು ಮೇಲಕ್ಕೆ ಎಳೆಯುತ್ತದೆ, ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ. ಉಪ್ಪಿನಕಾಯಿ ಭರಣಿಯ ಕಂಠದಲ್ಲಿ ಬಿಳಿಪುಡಿ ಕಟ್ಟಿದ ಹಾಗೆ ನಮ್ಮ ಹೊಲದ ಒಂದು ಮೂಲೆ ಬೆಳ್ಳಗಾಗಿತ್ತು. ಇಂದಿನ ಇರಾಕಿನ ಬಯಲಿನಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಇದೇ ಗತಿಯಾಗಿ, ಜನ ಗೋಧಿ ಬಿಟ್ಟು ಉಪ್ಪು ತಡೆಯುವ ಬಾರ್ಲಿ ಬಿತ್ತಿದರೆಂದು ಇತಿಹಾಸಕಾರರು ಬರೆದಿದ್ದಾರಂತೆ. ಎಲ್ಲಿಯ ಇರಾಕು, ಎಲ್ಲಿಯ ಸಿಂಧನೂರು!

ಇನ್ನು ನಮ್ಮ ಮೂರ್ಖತನ ಹೇಳಿಬಿಡುತ್ತೇನೆ. ಯಾರೋ ಹೇಳಿದರೆಂದು ಎರಡು ವರ್ಷ ಆ ಮೂಲೆಗೆ ಜಿಪ್ಸಂ ಸುರಿದೆವು. ಭತ್ತ ಏಳಲಿಲ್ಲ. ಮಗಳು ಮಣ್ಣು ಪರೀಕ್ಷೆ ಮಾಡಿಸಿ ಚೀಟಿ ತಂದಳು. ವಿದ್ಯುತ್ ವಾಹಕತೆ 4 ದಾಟಿದರೆ ಅದು ಸವಳು, ಪಿ.ಎಚ್. ಎಂಟೂವರೆ ಮೀರಿ ಸೋಡಿಯಂ ಹೆಚ್ಚಿದ್ದರೆ ಅದು ಕ್ಷಾರ. ಜಿಪ್ಸಂ ಬೇಕಾದದ್ದು ಕ್ಷಾರಕ್ಕೆ. ನಮ್ಮದು ಬರೀ ಸವಳು. ಅದಕ್ಕೆ ಒಳ್ಳೆಯ ನೀರಿನಿಂದ ಉಪ್ಪು ತೊಳೆದು, ಆ ನೀರು ಹೊರಗೆ ಹೋಗಲು ಬಸಿಗಾಲುವೆ ತೋಡಬೇಕು. ಜ್ವರಕ್ಕೆ ಕೆಮ್ಮಿನ ಔಷಧಿ ಕುಡಿಸಿದ ಹಾಗಾಗಿತ್ತು ನಮ್ಮ ಕಥೆ. ಆ ಚೀಟಿ ನೋಡಿದ ರಾತ್ರಿ ನಮ್ಮ ಯಜಮಾನರು ಬಹಳ ಹೊತ್ತು ಸುಮ್ಮನೆ ಕೂತಿದ್ದು, ಕಡೆಗೆ "ಹೋಗಲಿ ಬಿಡು, ಓದಲಿ" ಎಂದರು. ಸಂಬಂಧದವರಿಗೆ ನಾನೇ ಫೋನು ಮಾಡಿ ಹೇಳಿದೆ. ಅವರು ಕಾಯಲಿಲ್ಲ. ನಮ್ಮ ಅತ್ತೆಯವರು ತಿಂಗಳು ನನ್ನ ಸಂಗಡ ಸರಿಯಾಗಿ ಮಾತಾಡಲಿಲ್ಲ.

ನಿಮ್ಮ ಮಕ್ಕಳಿಗೂ ಉಪಯೋಗವಾಗಲೆಂದು ನಾನು ತಿಳಿದುಕೊಂಡದ್ದನ್ನು ಬರೆಯುತ್ತೇನೆ. ನೆಲ, ನೀರು, ಕಾಡುಗಳನ್ನು ಕಾಪಾಡಿ ಬಳಸುವ ಈ ವಿದ್ಯೆಗೆ ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಎಂದು ದೊಡ್ಡ ಹೆಸರು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ 2008ರಲ್ಲಿ ಧಾರವಾಡದಿಂದ ಬೇರೆಯಾದದ್ದು. ಅಲ್ಲಿ ಕೃಷಿ ಪದವಿಯವರಿಗೆ ಮಣ್ಣುಶಾಸ್ತ್ರವಿದೆ, ಕೃಷಿ ಎಂಜಿನಿಯರಿಂಗ್ ಓದಿದವರಿಗೆ ಮಣ್ಣು ಮತ್ತು ನೀರಿನ ಎಂ.ಟೆಕ್. ಇದೆ. ಕಾಡಿನ ಮೇಲೆ ಮನಸ್ಸಿದ್ದರೆ ಶಿರಸಿಯ ಅರಣ್ಯ ಕಾಲೇಜು. ಸಾಮಾನ್ಯ ಬಿ.ಎಸ್ಸಿ. ಆದವರಿಗೆ ಮೈಸೂರು, ಬೆಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಇದೆ. ಓದು ಎರಡು ವರ್ಷ, ಕೊನೆಗೆ ಒಂದು ಪ್ರಬಂಧ ಬರೆಯಬೇಕು. ರಾಷ್ಟ್ರಮಟ್ಟದ ಐ.ಸಿ.ಎ.ಆರ್. ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಬಂದರೆ ಫೆಲೋಶಿಪ್ ಸಿಗುತ್ತದೆ. ನಮ್ಮವಳಿಗೆ ಅದು ಬರಲಿಲ್ಲ, ನನ್ನ ಸರ ಬ್ಯಾಂಕಿಗೆ ಹೋಯಿತು.

ನೌಕರಿ? ಕೃಷಿ ಇಲಾಖೆ, ಜಲಾನಯನ ಯೋಜನೆಗಳು, ಮಣ್ಣು ಪರೀಕ್ಷಾ ಕೇಂದ್ರ, ಮುನಿರಾಬಾದಿನ ಕಾಡಾ ಕಚೇರಿ, ನೆಟ್ ಪಾಸಾದರೆ ಕಾಲೇಜು ಮಾಸ್ತರಿಕೆ. ಹುದ್ದೆಗೆ ಅರ್ಜಿ ಕರೆಯುವುದು ಯಾವಾಗಲೋ ಒಮ್ಮೆ, ಅದನ್ನು ಮುಚ್ಚಿಡುವುದಿಲ್ಲ. ಓದಿದ ಕೂಡಲೇ ಸಂಬಳ ಎಂದು ಮಗಳೂ ನನಗೆ ಆಸೆ ಹಚ್ಚಿಲ್ಲ. ಆದರೆ ಕೆಲಸ ಮಾತ್ರ ಕಣ್ಣೆದುರೇ ಬಿದ್ದಿದೆ. 133 ಟಿ.ಎಂ.ಸಿ. ಹಿಡಿಯುತ್ತಿದ್ದ ನಮ್ಮ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಇಡೀ ಸೀಮೆಯೇ ನಿದ್ದೆಗೆಟ್ಟಿತ್ತು. ಇದ್ದ ನೀರನ್ನು ಅಳೆದು ಬಳಸುವವರು ಬೇಡವೇ?

ಈಗ ಅವಳದು ಎರಡನೇ ವರ್ಷ. ಬಂದಾಗಲೆಲ್ಲ ಹೊಲ ಹೊಲ ತಿರುಗಿ ಮಣ್ಣು ತರುತ್ತಾಳೆ. ಇಂಗ್ಲಿಷಿನ ವಿ ಆಕಾರದಲ್ಲಿ ಗೇಣುದ್ದ ಗುಂಡಿ ತೋಡಿ, ಪಕ್ಕದಿಂದ ಮಣ್ಣು ಕೆರೆದು, ಹತ್ತು ಕಡೆಯದನ್ನು ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಚೆಲ್ಲುತ್ತಾ ಅರ್ಧ ಕಿಲೋಗೆ ಇಳಿಸಬೇಕು. ಬದು, ತಿಪ್ಪೆ, ಗಿಡದ ನೆರಳಿನ ಮಣ್ಣು ಬೇಡ. ನೆರಳಲ್ಲಿ ಒಣಗಿಸಿ ಬಟ್ಟೆ ಚೀಲಕ್ಕೆ ತುಂಬಿ. ಗೊಬ್ಬರದ ಚೀಲಕ್ಕೆ ತುಂಬಿದರೆ ಫಲಿತಾಂಶ ಕೆಟ್ಟಿತೆಂದೇ ತಿಳಿಯಿರಿ. ನಮ್ಮ ಪಡಸಾಲೆಯ ತುಂಬ ಈಗ ಮಣ್ಣಿನ ಪೇಪರುಗಳು, ಹಪ್ಪಳ ಹಾಕಲು ಜಾಗವಿಲ್ಲ.

ಬಸಿಗಾಲುವೆ ಇನ್ನೂ ಆಗಿಲ್ಲ. ನಮ್ಮ ಉಪ್ಪುನೀರು ಹಳ್ಳ ಸೇರಬೇಕಾದರೆ ಕೆಳಗಿನ ಹೊಲದವರ ಬದುವಿನ ಮೇಲೆಯೇ ಹೋಗಬೇಕು. ಅವರು ಒಪ್ಪುತ್ತಿಲ್ಲ. ಹೋದ ವಾರ ಮಗಳು ಅವರ ಹೊಲದ ಮಣ್ಣನ್ನೂ ಕೇಳಿ ತಂದಳು. ಚೀಟಿ ಬರುವುದು ಬಾಕಿ ಇದೆ. ನಮ್ಮ ಅತ್ತೆಯವರೇ ಆ ಮನೆಯ ಮುದುಕಿಯ ಹತ್ತಿರ ಹೋಗಿ, "ನಮ್ಮ ಹುಡುಗಿ ನಿಮ್ಮ ಮಣ್ಣು ಓದಾಕ್ಹತ್ಯಾಳ, ತಡೀರಿ" ಎಂದು ಹೇಳಿ ಬಂದಿದ್ದಾರೆ.