ಹೆಸರು ಬದಲಾಗಬಹುದು, ದಾಖಲೆ ಉಳಿಯಬೇಕು
ನಿಸರ್ಗ ಜಾಲತಾಣಕ್ಕೆ ದತ್ತಸಂಚಯ ರೂಪಿಸುವ ಬಗೆ

ಅಮ್ಮಸಂದ್ರದ ಸುತ್ತಲಿನ ತೆಂಗಿನ ತೋಟ, ಕೆರೆ, ಬೇಲಿಸಾಲುಗಳಲ್ಲಿ ಕಾಣುವ ಗಿಡ, ಹಕ್ಕಿ, ಕೀಟಗಳ ಬಗ್ಗೆ ನಿಮ್ಮ ಶಾಲೆಯ ವಿಜ್ಞಾನ ಸಂಘ ಒಂದು ಜಾಲತಾಣ ಮಾಡಲು ಹೊರಟಿದೆ ಎಂದಿಟ್ಟುಕೊಳ್ಳಿ. ಒಂದೊಂದು ಜೀವಿಗೆ ಒಂದೊಂದು ಪುಟ. ಅದರಲ್ಲಿ ಚಿತ್ರ, ಹೆಸರು, ನಾಲ್ಕು ಸಾಲಿನ ವಿವರಣೆ. ಇಪ್ಪತ್ತು ಪುಟಗಳವರೆಗೆ ತೊಂದರೆ ಇಲ್ಲ. ಪುಟಗಳು ಇನ್ನೂರಾದಾಗ ಯಾರೋ ಒಬ್ಬರು ಕೇಳುತ್ತಾರೆ: 'ಜೂನ್ ತಿಂಗಳಲ್ಲಿ ಕೆರೆಯ ಬಳಿ ಯಾವ ಯಾವ ಚಿಟ್ಟೆಗಳು ಕಂಡಿವೆ?' ಉತ್ತರ ಹೇಳಲು ಇನ್ನೂರು ಪುಟಗಳನ್ನೂ ತೆರೆದು ಓದಬೇಕು! ಆದ್ದರಿಂದ ಮೊದಲು ಸಿದ್ಧಪಡಿಸಬೇಕಾದುದು ಪುಟಗಳನ್ನಲ್ಲ, ಅವುಗಳ ಹಿಂದಿರಬೇಕಾದ ದತ್ತಸಂಚಯವನ್ನು, ಅಂದರೆ ಡೇಟಾಬೇಸನ್ನು. ಅದು ಸರಿಯಾಗಿದ್ದರೆ ಪ್ರತಿಯೊಂದು ಪುಟವೂ ಒಂದು ಪ್ರಶ್ನೆಗೆ ಗಣಕವೇ ಹುಡುಕಿಕೊಡುವ ಉತ್ತರವಾಗುತ್ತದೆ.

ಒಂದೇ ಪಟ್ಟಿ ಏಕೆ ಸಾಲದು?

ಬಹುಪಾಲು ಮಂದಿ ಒಂದು ಉದ್ದನೆಯ ಪಟ್ಟಿಯಿಂದ ಆರಂಭಿಸುತ್ತಾರೆ. ದಿನಾಂಕ, ಸ್ಥಳ, ಜೀವಿಯ ಹೆಸರು, ನೋಡಿದವರು, ಹೀಗೆ ಕಂಬಸಾಲುಗಳು. ನೂರು ಕಡೆ ಹೊಂಗೆ ಮರ ನೋಡಿದರೆ ಅದರ ಹೆಸರನ್ನು ನೂರು ಸಲ ಬರೆಯಬೇಕು. ಒಬ್ಬರು ಒಂದು ಪುಸ್ತಕ ನೋಡಿ 'ಪೊಂಗಾಮಿಯಾ ಪಿನ್ನಾಟ' ಎನ್ನುತ್ತಾರೆ, ಇನ್ನೊಬ್ಬರು ಬೇರೆ ಪುಸ್ತಕ ನೋಡಿ 'ಮಿಲೆಶಿಯಾ ಪಿನ್ನಾಟ' ಎನ್ನುತ್ತಾರೆ. ಎರಡೂ ಅದೇ ಹೊಂಗೆ. ಗಣಕಕ್ಕೆ ಇದು ಗೊತ್ತಿಲ್ಲ; ಎರಡು ಮರಗಳೆಂದೇ ಲೆಕ್ಕ ಹಾಕುತ್ತದೆ. ಸ್ಥಳದ ಕಥೆಯೂ ಅಷ್ಟೇ. 'ಅಮ್ಮಸಂದ್ರ', 'ಅಮಸಂದ್ರ', 'ಅಮ್ಮಸಂದ್ರ ಸ್ಟೇಷನ್' ಅದಕ್ಕೆ ಮೂರು ಊರುಗಳು.

ಇದಕ್ಕೆ ಪರಿಹಾರ 1970ರಲ್ಲೇ ದೊರೆಯಿತು. ಐಬಿಎಂ ಸಂಸ್ಥೆಯ ಗಣಿತಜ್ಞ ಎಡ್ಗರ್ ಕಾಡ್ ಆ ವರ್ಷ ಪ್ರಕಟಿಸಿದ ಸಂಬಂಧಾತ್ಮಕ ಮಾದರಿಯನ್ನು ಅನುಸರಿಸಿದರೆ, ಒಂದು ಸಂಗತಿಯನ್ನು ಒಂದೇ ಕಡೆ ಬರೆದರೆ ಸಾಕು. ಬೇರೆಡೆ ಬೇಕಾದಾಗ ಅದಕ್ಕೆ ಕೊಟ್ಟ ಸಂಖ್ಯೆಯನ್ನಷ್ಟೇ ಬಳಸಬಹುದು. ಈ ಸಂಖ್ಯೆಗೆ 'ಕೀಲಿ' ಎನ್ನೋಣ.

ಐದು ಕೋಷ್ಟಕಗಳು

ನಮ್ಮ ಜಾಲತಾಣಕ್ಕೆ ಐದು ಕೋಷ್ಟಕಗಳು ಸಾಕು.

1. ಸ್ಥಳ: ಊರು, ತಾಲ್ಲೂಕು, ಅಕ್ಷಾಂಶ, ರೇಖಾಂಶ.
2. ಪ್ರಭೇದ: ಪ್ರತಿ ಪ್ರಭೇದಕ್ಕೆ ಒಂದು ಕೀಲಿ, ಅದರ ಕುಟುಂಬ, ವಿವರಣೆ.
3. ಹೆಸರು: ವೈಜ್ಞಾನಿಕ ನಾಮಗಳು, ಹಳೆಯ ಪರ್ಯಾಯ ನಾಮಗಳು, ಕನ್ನಡದ ಹೆಸರುಗಳು. ಪ್ರತಿಯೊಂದರ ಮುಂದೆ ಪ್ರಭೇದದ ಕೀಲಿ.
4. ವೀಕ್ಷಣೆ: ಯಾರು, ಯಾವಾಗ, ಎಲ್ಲಿ, ಏನು ನೋಡಿದರು; ಛಾಯಾಚಿತ್ರ.
5. ಗುರುತು: ಯಾವ ವೀಕ್ಷಣೆಯನ್ನು ಯಾವ ಪ್ರಭೇದವೆಂದು ಯಾರು, ಯಾವಾಗ, ಯಾವ ಆಧಾರದ ಮೇಲೆ ಗುರುತಿಸಿದರು.

ನಾಲ್ಕು ಮತ್ತು ಐದನ್ನು ಏಕೆ ಬೇರೆ ಮಾಡಬೇಕು? ನೋಡಿದವರೇ ಹೆಸರನ್ನೂ ಬರೆದರೆ ಆಗದೇ? ಇಡೀ ವಿನ್ಯಾಸದ ತಿರುಳು ಇಲ್ಲಿದೆ. ವೀಕ್ಷಣೆ ಒಂದು ಘಟನೆ. ನಡೆದದ್ದು ನಡೆದುಹೋಯಿತು, ಮತ್ತೆ ಬದಲಾಗದು. ಗುರುತು ಒಂದು ಅಭಿಪ್ರಾಯ. ಅದು ನಾಳೆ ಬದಲಾಗಬಹುದು.

ಬಿಳಿನೊಣದ ಪಾಠ

ತೆಂಗು ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಉದಾಹರಣೆಯನ್ನೇ ನೋಡೋಣ. ಗರಿಯ ಅಡಿಭಾಗದಲ್ಲಿ ಬಿಳಿ ಮೇಣದ ಸುರುಳಿಗಳನ್ನು ಬಿಡುವ ರುಗೋಸ್ ಸುರುಳಿ ಬಿಳಿನೊಣ ಭಾರತದಲ್ಲಿ ಮೊದಲು ವರದಿಯಾದದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿಯಲ್ಲಿ. ಅದು ಸ್ರವಿಸುವ ಅಂಟು ಕೆಳಗಿನ ಗರಿಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ. ಮುಂದೆ ಕರ್ನಾಟಕದ ತೋಟಗಳಿಗೂ ಅದು ಹರಡಿತು. 2019ರ ವೇಳೆಗೆ ಬೋಂಡಾರ್ ಗೂಡು ಬಿಳಿನೊಣ ಎಂಬ ಇನ್ನೊಂದು, ಗಾತ್ರದಲ್ಲಿ ಚಿಕ್ಕದಾದ ಪ್ರಭೇದವೂ ದೇಶದ ತೆಂಗಿನ ಮೇಲೆ ದಾಖಲಾಯಿತು. ತೋಟದಲ್ಲಿ ನಿಂತವರಿಗೆ ಎರಡೂ 'ಬಿಳಿನೊಣ'.

ನಿಮ್ಮ ವಿದ್ಯಾರ್ಥಿ ತೆಗೆದ ಚಿತ್ರವನ್ನು 'ರುಗೋಸ್' ಎಂದು ದಾಖಲಿಸಿದಿರಿ. ಎರಡು ವರ್ಷದ ನಂತರ ಕೀಟಶಾಸ್ತ್ರಜ್ಞರೊಬ್ಬರು ನೋಡಿ 'ಇದು ಬೋಂಡಾರ್' ಎಂದರು. ಹಳೆಯ ಹೆಸರನ್ನು ಅಳಿಸಿ ಹೊಸದನ್ನು ಬರೆದರೆ, ಮೊದಲು ಏನೆಂದುಕೊಂಡಿದ್ದೆವು, ಯಾರು ತಿದ್ದಿದರು ಎಂಬುದು ಕಳೆದುಹೋಗುತ್ತದೆ. ಅದರ ಬದಲು ಗುರುತಿನ ಕೋಷ್ಟಕಕ್ಕೆ ಒಂದು ಹೊಸ ಸಾಲು ಸೇರಿಸಿ. ಜಾಲತಾಣದ ಪುಟ ಇತ್ತೀಚಿನ ಗುರುತನ್ನು ತೋರಿಸಲಿ. ಹಳೆಯದೂ ಒಳಗೆ ಉಳಿಯಲಿ.

ಇದು ಬರೀ ಅಚ್ಚುಕಟ್ಟಿನ ಮಾತಲ್ಲ. ಎನ್‌ಕಾರ್ಸಿಯಾ ಗ್ವಾಡೆಲೂಪೇ ಎಂಬ ಅತಿ ಸಣ್ಣ ಕಣಜವೊಂದು ರುಗೋಸ್ ಬಿಳಿನೊಣದ ಮರಿಗಳಲ್ಲಿ ಮೊಟ್ಟೆಯಿಟ್ಟು ಅವನ್ನು ನಾಶಮಾಡುತ್ತದೆ. ಕಣಜವಿರುವ ತೋಟಕ್ಕೆ ವಿಷ ಸಿಂಪಡಿಸಿದರೆ ಸಾಯುವುದು ಮಿತ್ರನೂ ಹೌದು. ಯಾವ ತೋಟದಲ್ಲಿ ಯಾವ ಬಿಳಿನೊಣ, ಅಲ್ಲಿ ಕಣಜವಿದೆಯೇ ಎಂಬ ದಾಖಲೆ ತಪ್ಪಾದರೆ ಬೆಲೆ ತೆರುವವನು ರೈತ. ಹಾಗೆಯೇ 'ಹುಡುಕಿದೆವು, ಕಾಣಲಿಲ್ಲ' ಎಂಬುದನ್ನೂ ವೀಕ್ಷಣೆಯೆಂದು ಬರೆಯಿರಿ. ಕೀಟ ಯಾವ ವರ್ಷ ಊರಿಗೆ ಬಂತೆಂದು ತಿಳಿಯಲು, ಹಿಂದಿನ ವರ್ಷ ಅದು ಇರಲಿಲ್ಲವೆಂಬ ದಾಖಲೆಯೂ ಬೇಕು.

ಎಲ್ಲಿ? ಎಷ್ಟು ಖಚಿತವಾಗಿ?

ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅಳತೆಯೊಂದಿಗೆ ಅದರ ಅನಿಶ್ಚಿತತೆಯನ್ನೂ ಬರೆಯಿಸುತ್ತೇವೆ. ಇಲ್ಲಿಯೂ ಅದು ಬೇಕು. ಒಂದು ಡಿಗ್ರಿ ಅಕ್ಷಾಂಶವೆಂದರೆ ಸುಮಾರು 111 ಕಿ.ಮೀ. ದಶಾಂಶ ಬಿಂದುವಿನ ನಂತರ ಎರಡು ಅಂಕೆ ಬರೆದರೆ ಸ್ಥಳ ಸುಮಾರು ಒಂದು ಕಿ.ಮೀ.ವರೆಗೆ ಮಾತ್ರ ತಿಳಿಯುತ್ತದೆ; ನಾಲ್ಕು ಅಂಕೆಯಾದರೆ ಸುಮಾರು 11 ಮೀಟರ್. ಮೊಬೈಲ್ ಏಳೆಂಟು ಅಂಕೆ ತೋರಿಸಿತೆಂದು ಅಷ್ಟನ್ನೂ ನಂಬಬೇಡಿ. 'ಅನಿಶ್ಚಿತತೆ, ಮೀಟರ್‌ಗಳಲ್ಲಿ' ಎಂಬ ಕಂಬಸಾಲನ್ನು ವೀಕ್ಷಣೆಯ ಕೋಷ್ಟಕಕ್ಕೆ ಸೇರಿಸಿ.

ಕೆಲವು ಸ್ಥಳಗಳನ್ನು ಮರೆಮಾಡಲೂ ಬೇಕು. ನಮ್ಮ ತುಮಕೂರು ಜಿಲ್ಲೆಯಲ್ಲಿರುವ ಕಾಡುಪಾಪ ಕಾನೂನಿನ ರಕ್ಷಣೆಯಿರುವ ಪ್ರಾಣಿ. ಅದನ್ನು ಹಿಡಿಯುವವರೂ ಇದ್ದಾರೆ. ಅದು ಕಂಡ ಮರದ ನಿಖರ ವಿವರ ದತ್ತಸಂಚಯದಲ್ಲಿರಲಿ, ಪುಟದಲ್ಲಿ ಜಿಲ್ಲೆಯ ಹೆಸರು ಮಾತ್ರ ಕಾಣಲಿ.

ಹಂಚಿಕೊಳ್ಳುವ ದಾರಿ

ಕಂಬಸಾಲುಗಳಿಗೆ ಮನಬಂದ ಹೆಸರಿಡದೆ, 2009ರಲ್ಲಿ ಅಂಗೀಕೃತವಾದ 'ಡಾರ್ವಿನ್ ಕೋರ್' ಮಾನಕವನ್ನು ಅನುಸರಿಸಿ. ಆಗ ನಿಮ್ಮ ಶಾಲೆಯ ದಾಖಲೆಗಳು 2008ರಲ್ಲಿ ಆರಂಭವಾದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ದೊಡ್ಡ ಸಂಗ್ರಹಗಳೊಡನೆ ಸುಲಭವಾಗಿ ಬೆರೆಯುತ್ತವೆ. ಕನ್ನಡವನ್ನು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿ. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದದ್ದು ಕಣ್ಣಿಗೆ ಕನ್ನಡವಾಗಿ ಕಂಡರೂ, ಹುಡುಕಿದರೆ ಸಿಗುವುದಿಲ್ಲ.

ಗಣಕ ಕೊಳ್ಳುವ ಮೊದಲೇ ಈ ಕೆಲಸ ಶುರುಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಐದು ಭಾಗ ಮಾಡಿ, ಶಾಲೆಯ ಅಂಗಳದ ಹತ್ತು ಜೀವಿಗಳನ್ನು ಕೀಲಿಗಳೊಡನೆ ಬರೆಯಿರಿ. ಯಾರಾದರೂ ಒಂದು ಹೆಸರು ತಪ್ಪೆಂದು ತೋರಿಸಿಕೊಟ್ಟಾಗ, ಹಿಂದಿನ ಸಾಲಿಗೆ ಗೀಟು ಹಾಕದೆ ಕೆಳಗೆ ಇನ್ನೊಂದು ಸಾಲು ಬರೆದಿರಾದರೆ ನಿಮ್ಮ ದತ್ತಸಂಚಯ ಸರಿಯಾದ ಹಾದಿಯಲ್ಲಿದೆ.