ಗೆರೆಯ ಹಿಂದೆ ನಡೆಯುವ ಅಲಗು

ಬೆಂಗಳೂರಿನ ದಂಡು ಪ್ರದೇಶಕ್ಕೆ ಸೇರಿದ ಶಿವಾಜಿನಗರದಿಂದ ಹೊರಟು, ಹಲಸೂರನ್ನು ಹಾದು, ಇಂದಿರಾನಗರದ ಅಂಚಿನಲ್ಲಿ ಸಾಗಿ, ಹಳೆಯ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರದವರೆಗೆ ಪ್ರಯಾಣ ಮಾಡುವವರಿಗೆ ಓದಲು ಬೇರೆ ಪುಸ್ತಕವೇ ಬೇಕಿಲ್ಲ. ದಾರಿಯ ಎರಡು ಮಗ್ಗುಲಲ್ಲಿಯೂ ಅಕ್ಷರಗಳೇ ತುಂಬಿವೆ. ಕನ್ನಡ, ಇಂಗ್ಲಿಷ್, ಉರ್ದು, ತಮಿಳು ಈ ನಾಲ್ಕು ಲಿಪಿಗಳೂ ಕೆಲವೆಡೆ ಒಂದೇ ಬೀದಿಯಲ್ಲಿ ಕಾಣಸಿಗುತ್ತವೆ. ಅಂಗಡಿಯ ಗಾಜಿನ ಬಾಗಿಲು, ಆಟೋರಿಕ್ಷಾದ ಬೆನ್ನು, ಲಾರಿಯ ಹಣೆ, ಔಷಧಾಲಯದ ಫಲಕ, ಎಲ್ಲಿ ನೋಡಿದರೂ ಬರಹ. ಒಂದು ಕಾಲದಲ್ಲಿ ಇವನ್ನೆಲ್ಲ ಬರೆಯುತ್ತಿದ್ದವನು ಕುಂಚ ಹಿಡಿದ ಕಲಾವಿದ. ಇಂದು ಇವುಗಳಲ್ಲಿ ಬಹುಪಾಲನ್ನು ಯಾರೂ ಬರೆದಿಲ್ಲ. ತೆಳುವಾದ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಅಂಟಿಸಿದ್ದಾರೆ.

ಕತ್ತರಿಸುವ ಈ ಯಂತ್ರಕ್ಕೆ ಅಂಗಡಿಗಳಲ್ಲಿ ಪ್ಲಾಟರ್ ಎಂದು ಹೆಸರು. ನೋಡಲು ಇದು ಅಗಲವಾದ ಮುದ್ರಣ ಯಂತ್ರದಂತೆಯೇ ಇರುತ್ತದೆ. ಆದರೆ ಮಸಿ ಇರಬೇಕಾದ ಸ್ಥಳದಲ್ಲಿ ಇದಕ್ಕೆ ಒಂದು ಚಿಕ್ಕ ಅಲಗು ಇದೆ. ಅಲಗನ್ನು ಹಿಡಿದ ತಲೆ ಎಡಕ್ಕೂ ಬಲಕ್ಕೂ ಚಲಿಸುತ್ತದೆ. ಉರುಳೆಗಳು ಹಾಳೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತವೆ. ನಿರ್ದೇಶಾಂಕಗಳ ಪಾಠದಲ್ಲಿ ನೀವು ಕಲಿತ ಎರಡು ಅಕ್ಷಗಳನ್ನು ಇಲ್ಲಿ ನೆನೆಯಬಹುದು. ಒಂದು ಅಕ್ಷ ಅಲಗಿನದು, ಮತ್ತೊಂದು ಹಾಳೆಯದು. ಇವೆರಡರ ಚಲನೆ ಕೂಡಿದಾಗ ವೃತ್ತವೂ ಆಗುತ್ತದೆ, ಅಕ್ಷರವೂ ಆಗುತ್ತದೆ.

ಹಾಳೆಯು ವಿನೈಲ್ ಎಂಬ ಪ್ಲಾಸ್ಟಿಕ್ಕಿನದು. ಅದರ ದಪ್ಪ ಸಾಮಾನ್ಯವಾಗಿ 50ರಿಂದ 80 ಮೈಕ್ರಾನ್. ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಅದರ ಬೆನ್ನಿಗೆ ಅಂಟು, ಅಂಟಿನ ಕೆಳಗೆ ನುಣುಪಾದ ಕಾಗದ. ಅಲಗು ಪ್ಲಾಸ್ಟಿಕ್ಕನ್ನು ಪೂರ್ತಿಯಾಗಿ ಸೀಳಬೇಕು, ಕಾಗದವನ್ನು ಮಾತ್ರ ಸೀಳಕೂಡದು. ಇಷ್ಟು ಸೂಕ್ಷ್ಮವಾದ ಆಳವನ್ನು ಕಾಯುವುದು ಎರಡು ಸಂಗತಿಗಳು. ಅಲಗು ತನ್ನ ಗೂಡಿನಿಂದ ಎಷ್ಟು ಹೊರಚಾಚಿದೆ ಎಂಬುದು ಒಂದು. ಯಂತ್ರ ಅದನ್ನು ಎಷ್ಟು ಭಾರದಿಂದ ಒತ್ತುತ್ತದೆ ಎಂಬುದು ಇನ್ನೊಂದು. ಸಾಧಾರಣ ಹಾಳೆಗೆ 45 ಅಂಶ ಕೋನದ ಅಲಗು ಸಾಕು. ದಪ್ಪ ಹಾಳೆಗೆ 60 ಅಂಶದ ಅಲಗನ್ನು ಬಳಸುತ್ತಾರೆ.

ಬೆಳಕು ಬಿದ್ದಾಗ ಮಿನುಗುವ ದಪ್ಪ ಹಾಳೆಯನ್ನು ನಮ್ಮ ಅಂಗಡಿಗಳಲ್ಲಿ ರೇಡಿಯಂ ಎಂದು ಕರೆಯುವುದುಂಟು. 1898ರಲ್ಲಿ ಕ್ಯೂರಿ ದಂಪತಿಗಳು ಕಂಡುಹಿಡಿದ ರೇಡಿಯಂ ಧಾತುವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಹಾಳೆಯೊಳಗಿನ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಬಂದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ, ಅಷ್ಟೇ. ವಾಹನಗಳ ಸಂಖ್ಯಾಫಲಕಗಳನ್ನು ಈ ಹಾಳೆಯಿಂದ ಕತ್ತರಿಸಿಕೊಡುವುದು ಬಹುಕಾಲ ಇಂಥ ಅಂಗಡಿಗಳ ನಿತ್ಯದ ಆದಾಯವಾಗಿತ್ತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಸಂಖ್ಯಾಫಲಕ ಕಡ್ಡಾಯವಾಯಿತು. 2023ರಲ್ಲಿ ಕರ್ನಾಟಕ ಸರಕಾರವು ಹಳೆಯ ವಾಹನಗಳಿಗೂ ಅದನ್ನು ಕಡ್ಡಾಯಗೊಳಿಸಿತು. ಆ ಕೆಲಸ ಹೀಗೆ ಕೈತಪ್ಪಿತು. ಆದರೆ ಮತ್ತೊಂದು ಕೆಲಸ ಬಂದಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯು ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕೆಂದು ವಿಧಿಸಿತು. ಇಂಗ್ಲಿಷಿಗೆ ಹೊಂದಿಕೊಂಡಿದ್ದ ಯಂತ್ರಗಳ ಮುಂದೆ ಕನ್ನಡ ಅಕ್ಷರಗಳು ದೊಡ್ಡ ಸಂಖ್ಯೆಯಲ್ಲಿ ಬಂದು ನಿಂತವು. ಅಲ್ಲಿಂದ ಮುಂದಿನ ಕಥೆಯೇ ನಮ್ಮ ವಿಷಯ.

ಈ ಯಂತ್ರದ ಪೂರ್ವಜ ಚಿತ್ರ ಬರೆಯುವ ಯಂತ್ರ. ಅದರಲ್ಲಿ ಅಲಗಿನ ಬದಲು ಲೇಖನಿ ಇತ್ತು. ಕಟ್ಟಡಗಳ ನಕ್ಷೆ, ಯಂತ್ರಭಾಗಗಳ ನಕ್ಷೆ ಮೊದಲಾದವನ್ನು ಅದು ಗೆರೆಗೆರೆಯಾಗಿ ಎಳೆಯುತ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯವರು ಇಂಥ ಯಂತ್ರಗಳಿಗಾಗಿ ಒಂದು ಸರಳ ಭಾಷೆಯನ್ನು ರೂಪಿಸಿದರು. ಎಚ್.ಪಿ.ಜಿ.ಎಲ್. ಎಂಬುದು ಅದರ ಹೆಸರು. ಅದೇ ಯಂತ್ರಕ್ಕೆ ಲೇಖನಿ ತೆಗೆದು ಅಲಗು ಕೊಟ್ಟರೆ ಫಲಕದ ಅಕ್ಷರ ಕತ್ತರಿಸಬಹುದೆಂಬುದನ್ನು 1980ರ ದಶಕದ ಆರಂಭದಲ್ಲಿ ವ್ಯಾಪಾರಕ್ಕೆ ತಂದವರಲ್ಲಿ ಜೋಸೆಫ್ ಗರ್ಬರ್ ಅವರ ಸಂಸ್ಥೆ ಮುಖ್ಯವಾದುದು. ವಿಯೆನ್ನಾದಲ್ಲಿ ಹುಟ್ಟಿ, ನಾಟ್ಸಿಗಳ ಹಿಂಸೆಯಿಂದ ಪಾರಾಗಿ, 1940ರಲ್ಲಿ ಅಮೆರಿಕವನ್ನು ಸೇರಿದ ಈತ ವಿದ್ಯಾರ್ಥಿಯಾಗಿದ್ದಾಗಲೇ ತನ್ನ ಪೈಜಾಮದ ಎಲಾಸ್ಟಿಕ್ಕನ್ನು ಕಿತ್ತು, ಬೇಕಾದ ಅಳತೆಗೆ ಹಿಗ್ಗುವ ಅಳತೆಪಟ್ಟಿಯೊಂದನ್ನು ಮಾಡಿಕೊಂಡಿದ್ದನಂತೆ.

ಎಚ್.ಪಿ.ಜಿ.ಎಲ್. ಭಾಷೆಯ ಶಬ್ದಸಂಪತ್ತು ಬಹಳ ಚಿಕ್ಕದು. ಪಿ.ಯು. ಎಂದರೆ ಅಲಗನ್ನು ಎತ್ತು; ಪಿ.ಡಿ. ಎಂದರೆ ಇಳಿಸು. ಅದರ ಮುಂದೆ ಎರಡು ಅಂಕೆಗಳಿದ್ದರೆ ಆ ಬಿಂದುವಿಗೆ ಹೋಗು ಎಂದು ಅರ್ಥ. ಒಂದು ಮಿಲಿಮೀಟರಿಗೆ 40 ಮಾನಗಳು. ಪಕ್ಕಕ್ಕೆ 100 ಮಿಲಿಮೀಟರ್ ಇರುವ ಚೌಕ ಬೇಕಾದರೆ, ಅಲಗನ್ನು ಎತ್ತಿ ಸೊನ್ನೆ, ಸೊನ್ನೆಗೆ ಹೋಗು. ಇಳಿಸಿ 4000, 0ಕ್ಕೆ. ಅಲ್ಲಿಂದ 4000, 4000ಕ್ಕೆ. ಅಲ್ಲಿಂದ 0, 4000ಕ್ಕೆ. ಮರಳಿ ಮೊದಲ ಬಿಂದುವಿಗೆ, ಎಂದು ಹೇಳಿದರೆ ಸಾಕು. ಈ ಭಾಷೆಯಲ್ಲಿ ಅಲಗಿಗೆ ಸಾಮಾನ್ಯವಾಗಿ ಹೋಗುವ ಆಜ್ಞೆಗಳು ಸರಳರೇಖೆಗಳೇ. ವಕ್ರರೇಖೆಯನ್ನು ನೂರಾರು ತುಂಡು ಸರಳರೇಖೆಗಳಾಗಿ ಒಡೆದು ಕಳುಹಿಸಬೇಕು. ತುಂಡುಗಳು ದೊಡ್ಡವಾದರೆ ಇಂಗ್ಲಿಷಿನ ನೇರ ಅಕ್ಷರಗಳಿಗೆ ಅಷ್ಟೇನೂ ಹಾನಿಯಿಲ್ಲ. ದುಂಡಾದ ನಮ್ಮ ‘ರ’ ಮಾತ್ರ ಹಲವು ಮೂಲೆಗಳ ಬಹುಭುಜಾಕೃತಿಯಾಗಿ ಹೊರಬರುತ್ತದೆ.

ಈ ಆಜ್ಞೆಗಳನ್ನು ಬರೆಯುವವರು ಯಾರು? ಅದಕ್ಕಾಗಿಯೇ ಮಾಡಿದ ವಿಶೇಷ ತಂತ್ರಾಂಶಗಳಿವೆ. ಆದರೆ ಅವುಗಳಲ್ಲಿ ಕೆಲವಕ್ಕೆ ಸಾಕಷ್ಟು ಬೆಲೆ ತೆರಬೇಕು. ಕೆಲವು ತಮ್ಮ ಬೀಗದ ಕೈಯಂಥ ಒಂದು ಸಾಧನವನ್ನು ಗಣಕಯಂತ್ರಕ್ಕೆ ಚುಚ್ಚದೆ ಹೋದರೆ ತೆರೆದುಕೊಳ್ಳುವುದೇ ಇಲ್ಲ. ಚಿಕ್ಕ ಅಂಗಡಿಯವನ ಗಣಕದಲ್ಲಿ ವಿನ್ಯಾಸದ ಸಾಮಾನ್ಯ ತಂತ್ರಾಂಶ ಹೇಗೂ ಇರುತ್ತದೆ. ಮದುವೆಯ ಕರೆಯೋಲೆಯನ್ನೂ ರಸೀತಿ ಪುಸ್ತಕವನ್ನೂ ಅವನು ಮಾಡುವುದು ಅದರಲ್ಲಿಯೇ. ಕೆನಡಾದ ಕೋರೆಲ್ ಸಂಸ್ಥೆ 1989ರಲ್ಲಿ ಹೊರತಂದ ಕೋರೆಲ್ ಡ್ರಾ ಇವುಗಳಲ್ಲಿ ನಮ್ಮಲ್ಲಿ ಹೆಚ್ಚು ಪರಿಚಿತವಾದುದು. 2003ರಲ್ಲಿ ಆರಂಭವಾದ ಇಂಕ್‌ಸ್ಕೇಪ್ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದದ್ದು. ಬರೆದಲ್ಲಿಂದಲೇ ಕತ್ತರಿಸಲು ಸಾಧ್ಯವಾದರೆ ಹಣವೂ ಉಳಿಯುತ್ತದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಡತ ಸಾಗಿಸುವಾಗ ಅಕ್ಷರ ಕೆಡುವ ಭಯವೂ ತಪ್ಪುತ್ತದೆ.

ಇದು ಸಾಧ್ಯವೇ? ಸಾಧ್ಯ. ಕೆಲವು ಯಂತ್ರಗಳ ತಯಾರಕರು ಚಾಲಕ ತಂತ್ರಾಂಶವೊಂದನ್ನು ಕೊಡುತ್ತಾರೆ. ಆಗ ಕತ್ತರಿಸುವ ಯಂತ್ರವು ಗಣಕಕ್ಕೆ ಒಂದು ಮುದ್ರಣ ಯಂತ್ರದಂತೆಯೇ ತೋರುತ್ತದೆ. ‘ಪ್ರಿಂಟ್’ ಎಂದರೆ ಕತ್ತರಿಸುತ್ತದೆ. ಇಂಕ್‌ಸ್ಕೇಪಿನಲ್ಲಿ ಎಚ್.ಪಿ.ಜಿ.ಎಲ್. ಆಜ್ಞೆಗಳನ್ನು ತಂತಿಯ ಮೂಲಕ ನೇರವಾಗಿ ಕಳುಹಿಸುವ ವ್ಯವಸ್ಥೆಯೂ ಇದೆ. ಆದರೆ ಸಾಮಾನ್ಯ ತಂತ್ರಾಂಶಕ್ಕೆ ಮಸಿ ಗೊತ್ತು, ಅಲಗು ಗೊತ್ತಿಲ್ಲ. ಅದು ಕಾಣಿಸುವುದು ಬಣ್ಣದ ಆಕಾರವನ್ನು. ಅಲಗಿಗೆ ಬೇಕಾದುದು ಆ ಆಕಾರದ ಅಂಚು ಮಾತ್ರ. ಗಿರಾಕಿಯು ದೂರವಾಣಿಯಲ್ಲಿ ತೆಗೆದ ಛಾಯಾಚಿತ್ರವನ್ನು ತಂದು ಇದೇ ರೀತಿ ಕತ್ತರಿಸಿ ಕೊಡಿ ಎಂದರೆ ಆಗುವುದಿಲ್ಲ, ಏಕೆಂದರೆ ಅದರಲ್ಲಿ ಇರುವುದು ಬಣ್ಣದ ಚುಕ್ಕೆಗಳು, ಗೆರೆಗಳಲ್ಲ. ಮೊದಲು ಅದರ ಅಂಚನ್ನು ಗೆರೆಯಾಗಿ ತಿದ್ದಿ ಬರೆಯಬೇಕು. ಆ ಗೆರೆಯೂ ಕೂದಲೆಳೆಯಷ್ಟು ತೆಳ್ಳಗಿರಬೇಕು. ಗೆರೆಗೆ ದಪ್ಪವಿದ್ದರೆ ಅದರ ಎರಡು ಮಗ್ಗುಲನ್ನೂ ಅಲಗು ಕತ್ತರಿಸಿಬಿಡುವ ಸಂಭವವುಂಟು.

ಕನ್ನಡದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ‘ಪೂ’ ಎಂಬ ಅಕ್ಷರವನ್ನು ತೆಗೆದುಕೊಳ್ಳಿ. ಪರದೆಯ ಮೇಲೆ ಅದು ಒಂದೇ ಅಕ್ಷರ. ಆದರೆ ಹಲವು ಅಕ್ಷರವಿನ್ಯಾಸಗಳಲ್ಲಿ ‘ಪ’ ಒಂದು ತುಂಡು, ಅದರ ದೀರ್ಘ ಕೊಂಬು ಇನ್ನೊಂದು ತುಂಡು. ಎರಡೂ ಒಂದರ ಮೇಲೊಂದು ಸ್ವಲ್ಪ ಏರಿ ನಿಂತಿರುತ್ತವೆ. ಎರಡೂ ಕಪ್ಪಾದುದರಿಂದ ಆ ಏರಿಕೆ ಕಣ್ಣಿಗೆ ಬೀಳದು. ಮುದ್ರಿಸಿದರೂ ತಿಳಿಯದು. ಅಲಗು ಮಾತ್ರ ಪ್ರತಿಯೊಂದು ಅಂಚನ್ನೂ ಪ್ರಾಮಾಣಿಕವಾಗಿ ಅನುಸರಿಸಿ, ‘ಪ’ಕಾರದ ಮೈಯೊಳಗೆ ಕೊಂಬಿನ ತುದಿಯನ್ನೂ ಕೊಂಬಿನೊಳಗೆ ‘ಪ’ಕಾರದ ಅಂಚನ್ನೂ ಕತ್ತರಿಸಿಬಿಡುತ್ತದೆ. ಹಾಳೆಯನ್ನು ಎಬ್ಬಿಸಿದಾಗ ಅಕ್ಷರವು ಮೂರು ಚೂರಾಗಿ ಏಳುತ್ತದೆ. ಒತ್ತಕ್ಷರಗಳಲ್ಲಿಯೂ ಹೀಗೆ ಆಗುವುದುಂಟು. ಒಂದಕ್ಕೊಂದು ಕೈಹಿಡಿದು ಬಲದಿಂದ ಎಡಕ್ಕೆ ಸಾಗುವ ಉರ್ದು ಅಕ್ಷರಗಳನ್ನು ಕತ್ತರಿಸುವ ಶಿವಾಜಿನಗರದವರಿಗೂ ಈ ಕಷ್ಟ ಹೊಸತಲ್ಲ. ಆದ್ದರಿಂದ ಅಕ್ಷರಗಳನ್ನು ಮೊದಲು ಗೆರೆಗಳಾಗಿ ಪರಿವರ್ತಿಸಿ, ಬಳಿಕ ಒಂದರ ಮೇಲೊಂದು ಏರಿದ ತುಂಡುಗಳನ್ನು ಒಂದಾಗಿ ಬೆಸೆಯಬೇಕು. ಈ ಕ್ರಿಯೆಯನ್ನು ಕೋರೆಲ್ ಡ್ರಾದಲ್ಲಿ ವೆಲ್ಡ್ ಎಂದೂ ಇಂಕ್‌ಸ್ಕೇಪಿನಲ್ಲಿ ಯೂನಿಯನ್ ಎಂದೂ ಕರೆಯುತ್ತಾರೆ. ಬೆಸೆದ ಮೇಲೆ ಬಣ್ಣವನ್ನು ಅಳಿಸಿ, ಬರಿಯ ಗೆರೆಯನ್ನು ಉಳಿಸಿ ನೋಡಬೇಕು. ಒಳಗಿನ ದಾಟುಗೆರೆಗಳಾವುವೂ ಕಾಣದಿದ್ದರೆ ಅಕ್ಷರ ಸಿದ್ಧವಾಗಿದೆ ಎಂದು ತಿಳಿಯಬಹುದು.

ಅಕ್ಷರ ಟೈಪು ಮಾಡುವಲ್ಲಿಯೂ ಎಚ್ಚರ ಬೇಕು. ಹಳೆಯ ನುಡಿ ಅಕ್ಷರಗಳ ಸಂಕೇತವೇ ಬೇರೆ, ಈಗಿನ ಯೂನಿಕೋಡ್ ಸಂಕೇತವೇ ಬೇರೆ. ಹಳೆಯ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡವನ್ನು ಕೊಟ್ಟರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುವ ಸಂದರ್ಭಗಳಿವೆ. ಕನ್ನಡ ಓದಲು ಬಾರದ ಕೆಲಸಗಾರ ಅದನ್ನು ಹಾಗೆಯೇ ಕತ್ತರಿಸಿ ಗೋಡೆಗೇರಿಸುತ್ತಾನೆ. ನಗರದಲ್ಲಿ ಅಂಥ ಫಲಕಗಳನ್ನು ನೀವೂ ನೋಡಿರಬಹುದು.

ಅಲಗಿನ ಸ್ವಭಾವವನ್ನೂ ಅರಿಯಬೇಕು. ಕುರ್ಚಿಯ ಕಾಲಿಗೆ ಹಾಕುವ ತಿರುಗುವ ಚಕ್ರವು ಎಳೆದ ದಿಕ್ಕಿಗೆ ತಾನೇ ತಿರುಗಿ ಹಿಂಬಾಲಿಸುವಂತೆ ಅಲಗೂ ತನ್ನ ಗೂಡಿನಲ್ಲಿ ತಾನೇ ತಿರುಗುತ್ತದೆ. ಅದರ ತುದಿಯು ತಿರುಗುವ ನಡುವಿನಿಂದ ಸುಮಾರು ಕಾಲು ಮಿಲಿಮೀಟರ್ ಹಿಂದಿರುತ್ತದೆ. ಇದರಿಂದಾಗಿ ಮೂಲೆಗಳು ಮೊಂಡಾಗುತ್ತವೆ, ಮುಚ್ಚಬೇಕಾದ ವೃತ್ತ ಮುಚ್ಚಿಕೊಳ್ಳುವುದಿಲ್ಲ. ಯಂತ್ರವೋ ತಂತ್ರಾಂಶವೋ ಈ ಅಂತರವನ್ನು ಸರಿದೂಗಿಸಬೇಕು. ಎರಡೂ ಒಟ್ಟಿಗೆ ಸರಿದೂಗಿಸಿದರೆ ಮೂಲೆಗಳಲ್ಲಿ ಕಿವಿಗಳಂತೆ ಚಾಚಿಕೊಳ್ಳುತ್ತದೆ. ವೃತ್ತ ಮುಗಿದ ಮೇಲೂ ಒಂದು ಮಿಲಿಮೀಟರಿನಷ್ಟು ಮುಂದಕ್ಕೆ ಕತ್ತರಿಸುವಂತೆ ಹೇಳಿದರೆ ಆರಂಭದ ಜಾಗದಲ್ಲಿ ಎಳೆ ಉಳಿಯದು.

ಆ ಒಂದು ಎಳೆಯ ಬೆಲೆ ಏನೆಂಬುದನ್ನು ನಾನೊಮ್ಮೆ ಅನುಭವದಿಂದ ಕಲಿತೆ. ಒಂದು ವಾಚನಾಲಯದ ಗಾಜಿನ ಬಾಗಿಲಿಗೆ ‘ಗ್ರಂಥಾಲಯ’ ಎಂದು ಕತ್ತರಿಸಿಕೊಡಲು ಒಂದು ಅಂಗಡಿಗೆ ಹೇಳಿದ್ದೆ. ಅಂಟಿಸಿದ ಮೇಲೆ ದೂರ ನಿಂತು ಓದಿದರೆ ‘ಗ್ರಂಧಾಲಯ’ ಎಂದಿತ್ತು. ‘ಥ’ಕಾರದ ಹೊಟ್ಟೆಯೊಳಗಿನ ಚುಕ್ಕೆಯ ವೃತ್ತ ಪೂರ್ತಿಯಾಗಿ ಮುಚ್ಚಿಕೊಂಡಿರಲಿಲ್ಲ. ಸುತ್ತಲಿನ ಬೇಡದ ಹಾಳೆಯನ್ನು ಕಿತ್ತಾಗ ಆ ಚುಕ್ಕೆಯೂ ಅದರೊಡನೆ ಎದ್ದು ಹೋಗಿತ್ತು. ಕೆಲವೇ ಮಿಲಿಮೀಟರಿನ ಚುಕ್ಕೆ. ಆದರೆ ಅದಿಲ್ಲದೆ ಅಕ್ಷರವೇ ಬೇರೆಯಾಯಿತು. ಕುಂಚದ ಕಲಾವಿದ ಚುಕ್ಕೆಯನ್ನು ಮರೆತರೆ ಮತ್ತೆ ಇಡುತ್ತಿದ್ದ. ಇಲ್ಲಿ ಪದವನ್ನೇ ಮತ್ತೆ ಕತ್ತರಿಸಬೇಕಾಯಿತು.

ಅಳತೆಯ ದೋಷ ಇನ್ನೊಂದು ಬಗೆಯದು. ತಂತ್ರಾಂಶವು ಅಂಗುಲಕ್ಕೆ 1016 ಮಾನಗಳೆಂದು ಎಣಿಸಿ ಕಳುಹಿಸಿದಾಗ, 1000 ಮಾನಗಳ ಲೆಕ್ಕದ ಯಂತ್ರವೊಂದು ಅದನ್ನು ತನ್ನ ಲೆಕ್ಕದಲ್ಲಿಯೇ ಓದುತ್ತದೆ. ಆಗ 100 ಮಿಲಿಮೀಟರಿನ ಚೌಕ 101.6 ಮಿಲಿಮೀಟರ್ ಆಗುತ್ತದೆ. ಇಷ್ಟು ಚಿಕ್ಕ ವ್ಯತ್ಯಾಸವನ್ನು ಯಾರು ಗಮನಿಸುತ್ತಾರೆ ಎನ್ನಬಹುದು. ಮೂರು ಮೀಟರ್ ಉದ್ದದ ಫಲಕದಲ್ಲಿ ಅದೇ ವ್ಯತ್ಯಾಸ 48 ಮಿಲಿಮೀಟರ್ ಆಗಿ ಕೊನೆಯ ಅಕ್ಷರ ಚೌಕಟ್ಟಿಗೆ ತಾಗುತ್ತದೆ. ಹೀಗಾಗಿ ಹೊಸ ಯಂತ್ರವನ್ನು ಜೋಡಿಸಿದೊಡನೆ ಚೌಕವೊಂದನ್ನು ಕತ್ತರಿಸಿ ಅಳತೆಪಟ್ಟಿಯಿಂದ ಅಳೆಯುವುದು ಬಲ್ಲವರ ಪದ್ಧತಿ. ಆ ಚೌಕವೇ ಆಳವನ್ನೂ ಹೇಳುತ್ತದೆ: ಅದು ಸುಲಭವಾಗಿ ಎದ್ದು, ಕೆಳಗಿನ ಕಾಗದದಲ್ಲಿ ನವಿರಾದ ಗೀರು ಮಾತ್ರ ಉಳಿದರೆ ಒತ್ತಡ ಸರಿಯಾಗಿದೆ.

ತಂತಿಯ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು. ಅನೇಕ ಅಗ್ಗದ ಯಂತ್ರಗಳು ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿ, ಎಂದರೆ ಸುಮಾರು 960 ಅಕ್ಷರಗಳಂತೆ, ಆಜ್ಞೆಗಳನ್ನು ಸ್ವೀಕರಿಸುತ್ತವೆ. ಅಲಗು ಅಷ್ಟು ಬೇಗ ನಡೆಯಲಾರದು. ಯಂತ್ರದ ನೆನಪು ತುಂಬಿದಾಗ ಅದು ‘ತಾಳು’ ಎಂದು ಸಂಕೇತ ಕೊಡುತ್ತದೆ. ಗಣಕ ಆ ಸಂಕೇತವನ್ನು ಕೇಳದಂತೆ ಹೊಂದಿಸಿದ್ದರೆ ನಡುವಿನ ಆಜ್ಞೆಗಳು ಕಳೆದುಹೋಗಿ, ಅಲಗು ಒಂದು ಅಕ್ಷರದ ನಡುವಿನಿಂದ ಇನ್ನೊಂದರ ಮೇಲೆ ಅಡ್ಡಗೆರೆ ಎಳೆದುಬಿಡುತ್ತದೆ. ಚಿಕ್ಕ ಫಲಕಗಳು ಸರಿಯಾಗಿ ಬಂದು ದೊಡ್ಡ ಫಲಕ ಮಾತ್ರ ಕೆಟ್ಟರೆ ಮೊದಲು ಇದನ್ನೇ ಸಂಶಯಿಸಬೇಕು. ತಂತಿಯನ್ನು ಗಣಕದ ಬೇರೊಂದು ಕಿಂಡಿಗೆ ಚುಚ್ಚಿದಾಗ ಕಿಂಡಿಯ ಸಂಖ್ಯೆ ಬದಲಾಗಿ ಯಂತ್ರ ಮೂಕವಾಗುವುದೂ ಉಂಟು.

ಕತ್ತರಿಸಿದ ಮೇಲಿನ ಕೆಲಸವೆಲ್ಲ ಇಂದಿಗೂ ಕೈಯದೇ. ಬೇಡದ ಹಾಳೆಯನ್ನು ಮೂಲೆಯಿಂದ ಎತ್ತಿ, ಬೆನ್ನಿಗೆ ಬೆನ್ನು ಮಡಚಿದಂತೆ ಮೆಲ್ಲನೆ ಎಳೆಯುತ್ತಾರೆ. ಅನುಸ್ವಾರದ ಸೊನ್ನೆಯೊಳಗಿನ ಬಿಲ್ಲೆಯನ್ನು ಸೂಜಿಯಿಂದ ಚುಚ್ಚಿ ತೆಗೆಯುತ್ತಾರೆ. ಅಕ್ಷರಗಳ ಮೇಲೆ ಇನ್ನೊಂದು ಅಂಟುಪಟ್ಟಿಯನ್ನು ಹೊದಿಸಿ, ಸಾಲು ಕೆಡದಂತೆ ಎಲ್ಲವನ್ನೂ ಒಟ್ಟಿಗೆ ಎತ್ತುತ್ತಾರೆ. ಗಾಜಿನ ಒಳಮಗ್ಗುಲಿಗೆ ಅಂಟಿಸಬೇಕಾದರೆ ಕತ್ತರಿಸುವ ಮೊದಲೇ ಬರಹವನ್ನು ಕನ್ನಡಿಯ ಪ್ರತಿಬಿಂಬದಂತೆ ತಿರುಗಿಸಿರಬೇಕು. ನನ್ನ ಬಾಗಿಲಿಗೆ ಎರಡನೆಯ ಸಲ ಬಂದ ಕೆಲಸಗಾರನು ಅಂಟುಪಟ್ಟಿಯನ್ನು ಹೊದಿಸುವ ಮುನ್ನ ಹಾಳೆಯನ್ನು ಬೆಳಕಿಗೆ ಹಿಡಿದನು, ಉಗುರಿನ ತುದಿಯಿಂದ ‘ಥ’ಕಾರದ ಚುಕ್ಕೆಯನ್ನು ಮುಟ್ಟಿ, ಅದು ಅಲ್ಲಿಯೇ ಇದೆಯೆಂದು ನೋಡಿಕೊಂಡನು, ಬಳಿಕ ಗಾಜನ್ನು ಒರೆಸತೊಡಗಿದನು.